ಎರಕದ ಮನೆತನವೊಂದರ ಧರ್ಮಸಂಕಟ

ಗೃಹಸ್ಥ ಜೀವನದಲ್ಲಿ ಒದಗುವ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕು ಬಗೆಯಾಗಿ ವಿಂಗಡಿಸುವ ರೂಢಿ ನಮ್ಮಲ್ಲಿರುವುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಇವುಗಳಲ್ಲಿ ಸಂಕಲ್ಪಿ ಹಿಂಸೆಯನ್ನು ಶ್ರಾವಕನು ಸಂಪೂರ್ಣವಾಗಿ ತ್ಯಜಿಸತಕ್ಕದ್ದು. ಉಳಿದವುಗಳನ್ನು ಯತ್ನಾಚಾರದಿಂದ ಕಡಿಮೆ ಮಾಡಿಕೊಳ್ಳತಕ್ಕದ್ದು. ಅಡುಗೆಮನೆಯ ಆರಂಭಿ ಹಿಂಸೆಯ ವಿಚಾರದಲ್ಲಿ ನಮ್ಮ ತಾಯಂದಿರು ತೋರುವ ಎಚ್ಚರ ಎಲ್ಲರೂ ಬಲ್ಲದ್ದು; ನೀರನ್ನು ಶೋಧಿಸದೆ ಬಳಸುವ ಮನೆ ನಮ್ಮಲ್ಲಿ ವಿರಳ. ಆದರೆ ಉದ್ಯೋಗಿ ಹಿಂಸೆಯ ಮಾತು ಬಂದಾಗ ನಾವು ಸಾಮಾನ್ಯವಾಗಿ ಎರಡು ವಾಕ್ಯ ಹೇಳಿ ಮುಂದೆ ಸಾಗುತ್ತೇವೆ. ಅಂಗಡಿಯ, ಕಾರ್ಖಾನೆಯ ಲೆಕ್ಕದ ಪುಸ್ತಕವನ್ನು ಬಸದಿಯ ಬಾಗಿಲವರೆಗೆ ತರಲು ಯಾರಿಗೂ ಇಷ್ಟವಿಲ್ಲ.

ಈ ಪ್ರಶ್ನೆಯನ್ನು ಸ್ವಲ್ಪ ದೂರದಲ್ಲಿ ನಿಂತು ನೋಡುವುದು ಲೇಸೆಂದು ತೋರಿ, ನಮ್ಮವರಲ್ಲದ ಒಂದು ಮನೆತನದ ಇತಿಹಾಸವನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಇಂಗ್ಲೆಂಡಿನ ಶ್ರಾಪ್‌ಶೈರ್ ಪ್ರಾಂತದ ಕೋಲ್‌ಬ್ರೂಕ್‌ಡೇಲ್ ಎಂಬ ಕಣಿವೆಯಲ್ಲಿ ತಲೆಮಾರುಗಳ ಕಾಲ ಕಬ್ಬಿಣವನ್ನು ಎರೆದ ಡಾರ್ಬಿ ಕುಟುಂಬವೇ ಅದು. ಈ ಮನೆತನದವರು ಕ್ವೇಕರರು. ಹದಿನೇಳನೆಯ ಶತಮಾನದ ನಡುವಿನಲ್ಲಿ ಜಾರ್ಜ್ ಫಾಕ್ಸ್ ಎಂಬ ಸಂತಸ್ವಭಾವದ ಬೋಧಕನಿಂದ ಆರಂಭವಾದ ಈ ಪಂಥದವರು ಯುದ್ಧವನ್ನು ಒಪ್ಪರು, ಆಯುಧ ಹಿಡಿಯರು, ನ್ಯಾಯಾಲಯದಲ್ಲಿಯೂ ಪ್ರಮಾಣ ಮಾಡರು. ಆಡಿದ ಮಾತು ಸದಾ ಸತ್ಯವಾಗಿರಬೇಕಾದಾಗ ಪ್ರಮಾಣದ ಸತ್ಯವೆಂಬ ಬೇರೊಂದು ಸತ್ಯ ಏಕೆಂಬುದು ಅವರ ವಾದ. ಪ್ರಮಾಣ ಮಾಡದವರಿಗೆ ವಿಶ್ವವಿದ್ಯಾನಿಲಯಗಳೂ ಸರ್ಕಾರಿ ಅಧಿಕಾರಗಳೂ ಮುಚ್ಚಿದ್ದುದರಿಂದ ಅವರಲ್ಲಿ ಬಹುಮಂದಿ ವ್ಯಾಪಾರ ಮತ್ತು ಕೈಗಾರಿಕೆಗಳತ್ತ ತಿರುಗಿದರು. ವ್ರತವೇ ವೃತ್ತಿಯನ್ನು ನಿರ್ಣಯಿಸಿದ ಈ ಸಂಗತಿ ನಮಗೆ ಅಪರಿಚಿತವೆನಿಸದು. ಆದರೂ ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಚಾವುಂಡರಾಯನಂಥ ದಂಡನಾಯಕನನ್ನು ಪರಮ ಶ್ರಾವಕನೆಂದು ಗೌರವಿಸುವ ಪರಂಪರೆ ನಮ್ಮದು. ಕ್ವೇಕರರ ಸಭೆಯಲ್ಲಿ ಅಂಥವನಿಗೆ ಸ್ಥಾನ ದೊರೆಯುತ್ತಿರಲಿಲ್ಲ.

ಮೊದಲನೆಯ ಅಬ್ರಹಾಂ ಡಾರ್ಬಿ ಹುಟ್ಟಿದ್ದು 1678ರಲ್ಲಿ, ಡಡ್ಲಿ ಎಂಬ ಊರಿನ ಸಮೀಪದಲ್ಲಿ. ಬಾಲ್ಯದಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಮಾಲ್ಟ್ ಅರೆಯುವ ಗಿರಣಿಗಳನ್ನು ತಯಾರಿಸುವವನೊಬ್ಬನ ಬಳಿ ಕೆಲಸ ಕಲಿತನು. ಮೊಳಕೆ ಕಟ್ಟಿದ ಬಾರ್ಲಿಯನ್ನು ಒಣಗಿಸಲು ಹಸಿ ಕಲ್ಲಿದ್ದಲನ್ನು ಬಳಸಿದರೆ ಗಂಧಕದ ವಾಸನೆ ಕಾಳಿಗೆ ಹತ್ತುತ್ತದೆ. ಆದ್ದರಿಂದ ಆ ಉದ್ಯೋಗದವರು ಕಲ್ಲಿದ್ದಲನ್ನು ಮುಚ್ಚಿ ಸುಟ್ಟು, ಅದರ ಹೊಗೆಯನ್ನೂ ಗಂಧಕವನ್ನೂ ಕಳೆದು, ಕೋಕ್ ಮಾಡಿ ಉರಿಸುತ್ತಿದ್ದರು. ಮುಂದೆ ಅವನಿಗೆ ಒದಗಿಬಂದ ಉಪಾಯದ ಬೀಜ ಇಲ್ಲಿಯೇ ಇದ್ದಿರಬೇಕೆಂದು ಇತಿಹಾಸಕಾರರು ಊಹಿಸುತ್ತಾರೆ. 1699ರಲ್ಲಿ ಬ್ರಿಸ್ಟಲ್ ನಗರಕ್ಕೆ ಹೋಗಿ, 1702ರಲ್ಲಿ ಇತರ ಕ್ವೇಕರರೊಡನೆ ಸೇರಿ ಹಿತ್ತಾಳೆಯ ಕಾರ್ಖಾನೆಯನ್ನು ತೆರೆದನು. ಹಿತ್ತಾಳೆಯ ಪಾತ್ರೆ ಬಡವರಿಗೆ ಎಟುಕುತ್ತಿರಲಿಲ್ಲ. ಕಬ್ಬಿಣದಲ್ಲಿ ತೆಳ್ಳಗಿನ ಹೊಟ್ಟೆದುಂಡಗಿನ ಪಾತ್ರೆಯನ್ನು ಮರಳಿನ ಅಚ್ಚಿನಲ್ಲಿ ಎರೆಯಲು ಸಾಧ್ಯವಾದರೆ ಅದು ಅಗ್ಗವಾಗಿ ಎಲ್ಲರ ಮನೆ ಸೇರಬಹುದೆಂಬುದು ಅವನ ಯೋಚನೆ. ಜಾನ್ ಥಾಮಸ್ ಎಂಬ ವೇಲ್ಸ್ ಪ್ರಾಂತದ ಹುಡುಗನೊಬ್ಬನು ಈ ಪ್ರಯೋಗಗಳಲ್ಲಿ ಜೊತೆಗಿದ್ದನು. ಬಾಗಿಲು ಹಾಕಿ, ಬೀಗದ ಕಂಡಿಯನ್ನೂ ಮುಚ್ಚಿ ಇಬ್ಬರೂ ಕೆಲಸ ಮಾಡುತ್ತಿದ್ದರೆಂದೂ, ಇಮ್ಮಡಿ ಕೂಲಿ ಕೊಡುವೆವೆಂದು ಬೇರೆಯವರು ಕರೆದರೂ ಥಾಮಸ್ ಒಡೆಯನನ್ನು ಬಿಡಲಿಲ್ಲವೆಂದೂ ಆ ಮನೆಯವರಲ್ಲಿ ಒಂದು ಕಥೆ ಉಳಿದುಬಂದಿತ್ತು. 1707ರಲ್ಲಿ ಆ ವಿಧಾನಕ್ಕೆ ಪೇಟೆಂಟ್ ದೊರೆಯಿತು.

ಮರುವರ್ಷ ಕೋಲ್‌ಬ್ರೂಕ್‌ಡೇಲಿನಲ್ಲಿ ಪಾಳುಬಿದ್ದಿದ್ದ ಒಂದು ಊದುಕುಲುಮೆಯನ್ನು ಗುತ್ತಿಗೆಗೆ ಪಡೆದು, 1709ರ ಆರಂಭದಲ್ಲಿ ಅದಕ್ಕೆ ಕೋಕಿನಿಂದಲೇ ಬೆಂಕಿ ಹಾಕಿದನು. ಅದುವರೆಗೆ ಕಬ್ಬಿಣದ ಅದಿರನ್ನು ಕರಗಿಸಲು ಕಟ್ಟಿಗೆಯ ಇದ್ದಿಲೇ ಬೇಕಾಗಿತ್ತು. ಒಂದು ಕುಲುಮೆಯ ಹೊಟ್ಟೆಗೆ ಒಂದು ಕಾಡು ಎಂಬಂತಿತ್ತು. ನಮ್ಮ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಆರಂಭವಾದಾಗಲೂ ಮಲೆನಾಡಿನ ಮರಗಳ ಇದ್ದಿಲನ್ನೇ ಅವಲಂಬಿಸಿತ್ತೆಂಬುದನ್ನು ನೆನೆದರೆ, ಅದಕ್ಕೆ ಎರಡು ಶತಮಾನಗಳ ಹಿಂದೆಯೇ ನಡೆದ ಈ ಕಾರ್ಯದ ಮಹತ್ತ್ವ ಮನವರಿಕೆಯಾಗುತ್ತದೆ. ಕಾಡಿನ ಜೀವರಾಶಿ ಉಳಿಯಿತೆಂದು ನಾವು ಸಂತೋಷಪಡಬಹುದು. ಆದರೆ ನೆಲದಡಿಯ ಗಣಿಗಳಲ್ಲಿ ಮನುಷ್ಯರ ಉಸಿರು ಸವೆಯತೊಡಗಿದ್ದೂ, ಆ ಕಣಿವೆಯ ಆಕಾಶ ರಾತ್ರಿಹಗಲು ಹೊಗೆಯಿಂದ ತುಂಬಿದ್ದೂ ಅದೇ ಕೋಕಿನ ಫಲವೇ. ಉದ್ಯೋಗಿ ಹಿಂಸೆ ಒಂದು ಕಡೆ ಇಳಿದಾಗ ಇನ್ನೊಂದು ಕಡೆ ಏರಿರುವುದುಂಟು.

ಇಲ್ಲಿಯವರೆಗಿನ ಕಥೆಯಲ್ಲಿ ಯಾರಿಗೂ ತಕರಾರಿಲ್ಲ. ಅಡುಗೆಯ ಪಾತ್ರೆ ಎರೆಯುವುದಕ್ಕಿಂತ ನಿರಪಾಯವಾದ ಕಬ್ಬಿಣದ ಕೆಲಸ ಯಾವುದಿದ್ದೀತು? ತೊಡಕು ಆರಂಭವಾಗುವುದು ಬಂಡವಾಳದಲ್ಲಿ. ಬ್ರಿಸ್ಟಲಿನ ಕ್ವೇಕರ ವರ್ತಕ ಥಾಮಸ್ ಗೋಲ್ಡ್ನಿ ಎಂಬಾತನು ಕಾರ್ಖಾನೆಯ ಪಾಲುಗಳ ಭದ್ರತೆಯ ಮೇಲೆ ಡಾರ್ಬಿಗೆ ಸಾಲ ಕೊಟ್ಟನು. ಇದೇ ಗೋಲ್ಡ್ನಿಯು 1708ರಲ್ಲಿ ವುಡ್ಸ್ ರೋಜರ್ಸ್ ಎಂಬ ನಾಯಕನ ಕೈಕೆಳಗೆ ಹೊರಟ ಎರಡು ಹಡಗುಗಳಿಗೆ ಹಣ ಹೂಡಿದವರಲ್ಲಿ ಪ್ರಮುಖನು. ಶತ್ರುದೇಶದ ಹಡಗುಗಳನ್ನು ಸರ್ಕಾರದ ಅನುಮತಿಪತ್ರದೊಡನೆ ದೋಚುವುದೇ ಆ ಹಡಗುಗಳ ಕೆಲಸ. 1711ರಲ್ಲಿ ಅವು ಸ್ಪೇನ್ ದೇಶದವರಿಂದ ಕಸಿದ ಸಂಪತ್ತಿನೊಡನೆ ಹಿಂದಿರುಗಿದವು. ಶಸ್ತ್ರ ಹಿಡಿಯದ ಪಂಥದವನೊಬ್ಬನು ಶಸ್ತ್ರ ಹಿಡಿದವರ ಕೈಗೆ ಹಣ ಕೊಟ್ಟು ಲಾಭವನ್ನು ಪಡೆದನು. ಆಮೇಲೆ ಅದೇ ಕೈಯಿಂದ ಅಡುಗೆ ಪಾತ್ರೆಯ ಕಾರ್ಖಾನೆಗೆ ಸಾಲ ಬಂದಿತು. ಸಾಲ ಕೇಳುವವನು ಸಾಹುಕಾರನ ತಿಜೋರಿಯ ಇತಿಹಾಸವನ್ನು ವಿಚಾರಿಸಬೇಕೆ? ಡಾರ್ಬಿ ವಿಚಾರಿಸಿದನೆಂಬುದಕ್ಕೆ ಕುರುಹಿಲ್ಲ. ಅವನನ್ನು ಈ ಕಾರಣಕ್ಕೆ ನಿಂದಿಸಲು ನನಗೆ ಮನಸ್ಸಾಗದು. ಆದರೆ ಆ ಸಾಲವು ಮುಂದೆ ಏನು ಮಾಡಿತೆಂಬುದನ್ನು ನೋಡಬೇಕು.

1717ರಲ್ಲಿ, ನಲವತ್ತು ತುಂಬುವ ಮೊದಲೇ, ಡಾರ್ಬಿ ತೀರಿಕೊಂಡನು. ಹೆಂಡತಿಯೂ ಹೆಚ್ಚು ಕಾಲ ಬದುಕಲಿಲ್ಲ. ಅದೇ ಹೆಸರಿನ ಮಗ ಆರು ವರ್ಷದ ಬಾಲಕ. ಕಾರ್ಖಾನೆಯ ಆಡಳಿತವು ಗೋಲ್ಡ್ನಿ ಕುಟುಂಬದ ಮತ್ತು ಡಾರ್ಬಿಯ ಅಳಿಯನಾದ ರಿಚರ್ಡ್ ಫೋರ್ಡನ ಕೈಗೆ ಬಂದಿತು. ಅವರು ದಕ್ಷರು. 1720ರ ದಶಕದಿಂದ, ಗಣಿಯ ನೀರನ್ನು ಮೇಲೆತ್ತುವ ನ್ಯೂಕಾಮೆನ್ ಹಬೆಯಂತ್ರಗಳಿಗೆ ಬೇಕಾದ ದೊಡ್ಡ ಸಿಲಿಂಡರುಗಳನ್ನು ಕಬ್ಬಿಣದಲ್ಲಿ ಎರೆದು ಹೆಸರು ಗಳಿಸಿದರು. ಹಿತ್ತಾಳೆಯದಕ್ಕಿಂತ ಅವು ಬಹಳ ಅಗ್ಗವಾಗಿದ್ದವು. ಬಳಿಕ 1740ರ ದಶಕದ ಯುದ್ಧಕಾಲದಲ್ಲಿ ಅದೇ ಅಂಗಳದಲ್ಲಿ ಫಿರಂಗಿಗಳೂ ಎರೆಯಲ್ಪಟ್ಟವು.

ಅಲ್ಲಿ ಕುಲುಮೆ ಬದಲಾಗಲಿಲ್ಲ, ಅದಿರೂ ಮರಳೂ ಬದಲಾಗಲಿಲ್ಲ. ಎರೆಯುವವರೂ ಪಾತ್ರೆಯ ಅಚ್ಚು ಕಟ್ಟಿದ ಆಳುಗಳೇ. ಬದಲಾದದ್ದು ಅಚ್ಚಿನ ಆಕಾರ ಮಾತ್ರ. ಎರಕದ ಕೆಲಸದ ವೈಲಕ್ಷಣ್ಯವೇ ಇದು. ನೇಯ್ಗೆಯವನಿಗೆ ಖಡ್ಗ ನೇಯಲು ಬಾರದು. ಎರಕದವನಿಗಾದರೋ ಕಡಾಯಿಗೂ ಫಿರಂಗಿಗೂ ನಡುವೆ ಒಂದು ಮರದ ಮಾದರಿಯ ಅಂತರವಷ್ಟೇ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳನ್ನು ಕಂಡ ವಾಚಕರಿಗೆ ಈ ಮಾತು ಸುಲಭವಾಗಿ ಅರ್ಥವಾಗುತ್ತದೆ. ಪಂಪಿನ ಕವಚಕ್ಕೆ ಬಂದ ಬೇಡಿಕೆಯ ಹಿಂದೆಯೇ ಇನ್ನೊಂದು ನಕ್ಷೆ ಬರಬಹುದು. ಅದು ಯಾವ ಯಂತ್ರದ ಯಾವ ಭಾಗವೆಂದು ನಕ್ಷೆಯಲ್ಲಿ ಬರೆದಿರುವುದೂ ಇಲ್ಲ. ಇಂತಹ ವೃತ್ತಿಯಲ್ಲಿ ಒಮ್ಮೆ ಕೈಗೊಂಡ ವ್ರತವು ಸಾಲದು. ಪ್ರತಿ ಬೇಡಿಕೆಗೂ ಅದನ್ನು ಮತ್ತೆ ಕೈಗೊಳ್ಳಬೇಕಾಗುತ್ತದೆ.

ಎರಡನೆಯ ಅಬ್ರಹಾಂ ಡಾರ್ಬಿಯ (1711–1763) ಕಾಲದಲ್ಲಿ ಫಿರಂಗಿಯ ಕೆಲಸ ನಿಂತಿತು. 1746ರಲ್ಲಿ ಅವನು ಎರಡನೆಯ ಮದುವೆಯಾಗಿ ಕೈಹಿಡಿದ ಅಬಯಾ ಎಂಬಾಕೆ ಕ್ವೇಕರರಲ್ಲಿ ಬೋಧಕಿಯಾಗಿದ್ದಳು. ಊರೂರಿಗೆ ಹೋಗಿ ಬಯಲಿನಲ್ಲಿ ಜನರನ್ನು ಸೇರಿಸಿ ಮಾತನಾಡುತ್ತಿದ್ದ ಈಕೆ ಕುದುರೆ ಜೂಜಿನ ವಿರುದ್ಧ, ಕೋಳಿಕಾಳಗದ ವಿರುದ್ಧ ಒಂದು ಚಿಕ್ಕ ಪುಸ್ತಕವನ್ನೇ ಅಚ್ಚುಮಾಡಿಸಿದಳು. ಕೋಳಿ ಅಂಕದ ದಿನ ಮನೆಯ ಮಕ್ಕಳನ್ನು ಹೊರಗೆ ಬಿಡದ ತುಳುನಾಡಿನ ನಮ್ಮ ಹಿರಿಯರು ಈಕೆಯನ್ನು ಕಂಡಿದ್ದರೆ ಮೆಚ್ಚಿಕೊಳ್ಳುತ್ತಿದ್ದರು. ಕುಟುಂಬದ ಆರಂಭಕಾಲದ ಬಗೆಗೆ ನಮಗೆ ತಿಳಿದಿರುವುದರಲ್ಲಿ ಹೆಚ್ಚಿನದು ಈಕೆ ಬರೆದ ಒಂದು ದೀರ್ಘ ಪತ್ರದಿಂದ ಬಂದದ್ದು. ಮೊದಲನೆಯ ಡಾರ್ಬಿಯ ಭಾವಚಿತ್ರವೊಂದೂ ಇಲ್ಲ. ಚಿತ್ರ ಬರೆಸಿಕೊಳ್ಳುವುದು ಅಹಂಕಾರವೆಂದು ಅಂದಿನ ಕ್ವೇಕರರು ಭಾವಿಸಿದ್ದರು.

ಎರಡನೆಯ ಡಾರ್ಬಿಯು 1750ರ ದಶಕದಲ್ಲಿ ಸಾಧಿಸಿದ್ದು ತಂದೆಯ ಸಾಧನೆಗಿಂತ ದೊಡ್ಡದೆಂದು ಹೇಳಬಹುದು. ಕೋಕಿನಿಂದ ಕರಗಿಸಿದ ಕಬ್ಬಿಣವು ಅದುವರೆಗೆ ಎರಕಕ್ಕೆ ಮಾತ್ರ ಒದಗುತ್ತಿತ್ತು. ಕಮ್ಮಾರನ ಸುತ್ತಿಗೆಗೆ ಬಾಗುವ ಮೆದುಕಬ್ಬಿಣಕ್ಕೆ ಯೋಗ್ಯವಾದ ಗಟ್ಟಿಗಳನ್ನು ಅವನು ಕೋಕಿನಿಂದಲೇ ತೆಗೆದು ದೂರದೂರದ ಕಮ್ಮಟಗಳಿಗೆ ಮಾರಿದನು. ಈ ಹಂತದಲ್ಲಿ ನಮ್ಮ ಪ್ರಶ್ನೆ ಇನ್ನೂ ಸೂಕ್ಷ್ಮವಾಗುತ್ತದೆ. ಫಿರಂಗಿಯನ್ನು ಎರೆಯೆನು ಎನ್ನುವುದು ಸುಲಭ. ಆದರೆ ಮಾರಿದ ಕಬ್ಬಿಣದ ಗಟ್ಟಿ ನೇಗಿಲ ಗುಳವಾಯಿತೋ ಬಂದೂಕಿನ ನಳಿಗೆಯಾಯಿತೋ ಯಾರು ಬಲ್ಲರು?

ಈ ವಾದವನ್ನು ಕ್ವೇಕರನೊಬ್ಬನೇ ಬಹಿರಂಗವಾಗಿ ಮಂಡಿಸಿದನು. ಅವನು ಡಾರ್ಬಿ ಮನೆತನದವನಲ್ಲ. ಬರ್ಮಿಂಗ್‌ಹ್ಯಾಮಿನ ಬಂದೂಕು ತಯಾರಕ ಸ್ಯಾಮ್ಯುಯೆಲ್ ಗ್ಯಾಲ್ಟನ್ (1753–1832). ವಿಜ್ಞಾನಾಸಕ್ತನೂ ವಿದ್ವಾಂಸರ ಮಿತ್ರನೂ ಆಗಿದ್ದ ಈತನ ಮನೆಯಲ್ಲಿ ತಲೆಮಾರುಗಳಿಂದ ಬಂದೂಕಿನ ವ್ಯಾಪಾರ ನಡೆದಿತ್ತು. ಅವು ಆಫ್ರಿಕದ ಗುಲಾಮರ ವ್ಯಾಪಾರಕ್ಕೂ ಹೋಗುತ್ತಿದ್ದವು. 1795ರಲ್ಲಿ ಸ್ಥಳೀಯ ಕ್ವೇಕರ ಸಭೆ ಅವನನ್ನು ಪ್ರಶ್ನಿಸಿದಾಗ ಅವನು ಮುದ್ರಿತ ಉತ್ತರವನ್ನೇ ಕೊಟ್ಟನು. ಅದರ ಸಾರಾಂಶ ಹೀಗೆ: ನನ್ನ ಹಿರಿಯರು ಇದೇ ಸಭೆಯಲ್ಲಿ ಕುಳಿತು ಇದೇ ವ್ಯಾಪಾರವನ್ನು ಮಾಡಿದರು, ಆಗ ಯಾರೂ ಆಕ್ಷೇಪಿಸಲಿಲ್ಲ. ಬಂದೂಕು ದೇಶದ ರಕ್ಷಣೆಗೂ ಕಾನೂನಿನ ಪಾಲನೆಗೂ ಒದಗುತ್ತದೆ. ನೀವೆಲ್ಲರೂ ತೆರಿಗೆ ಕೊಡುತ್ತೀರಿ, ಆ ತೆರಿಗೆಯಿಂದ ಯುದ್ಧ ನಡೆಯುತ್ತದೆ. ಗುಲಾಮರು ಬೆಳೆದ ಕಬ್ಬಿನ ಸಕ್ಕರೆಯನ್ನೂ ಹತ್ತಿಯ ಬಟ್ಟೆಯನ್ನೂ ಬಳಸುತ್ತೀರಿ. ಬಾರ್ಲಿ ಬೆಳೆದ ರೈತನು ಕುಡುಕನ ಪಾಪಕ್ಕೆ ಹೊಣೆಯೆ?

ಈ ಪ್ರಶ್ನಾವಳಿಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಉದ್ಯೋಗಸ್ಥರಾದ ನಾವೂ ಮನಸ್ಸಿನೊಳಗೆ ಇವೇ ಮಾತುಗಳನ್ನು ಹೇಳಿಕೊಳ್ಳುತ್ತಿರುತ್ತೇವೆ. ಸಭೆಯು ಈ ವಾದಕ್ಕೆ ಮಣಿಯದೆ 1796ರಲ್ಲಿ ಅವನನ್ನು ಸದಸ್ಯತ್ವದಿಂದ ಹೊರಗಿಟ್ಟಿತು. ವಿಚಿತ್ರವೆಂದರೆ, ಅವನು ಅನಂತರವೂ ಉಪಾಸನೆಯ ಕೂಟಗಳಿಗೆ ಬಂದು ಕುಳಿತುಕೊಳ್ಳುತ್ತಲೇ ಇದ್ದನು. 1804ರಲ್ಲಿ ಬ್ಯಾಂಕಿನ ವ್ಯವಹಾರಕ್ಕೆ ಇಳಿದು ಬಂದೂಕಿನ ಕೆಲಸವನ್ನು ಬಿಟ್ಟನು.

ನಮ್ಮ ಶಾಸ್ತ್ರಗಳು ಈ ಕುರಿತು ಏನನ್ನುತ್ತವೆ? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳಲ್ಲಿ ಹಿಂಸಾದಾನವನ್ನು ಎಣಿಸಿದ್ದಾರೆ. ಅಲ್ಲಿ ಕೊಡಬಾರದ ವಸ್ತುಗಳ ಪಟ್ಟಿಯಲ್ಲಿ ಖಡ್ಗ ಮತ್ತು ಆಯುಧಗಳ ಜೊತೆಯಲ್ಲಿಯೇ ಕೊಡಲಿ, ಗುದ್ದಲಿ, ಬೆಂಕಿ, ಸಂಕೋಲೆಗಳೂ ಇವೆ. ಗುದ್ದಲಿ ಕೊಡುವುದೂ ಹಿಂಸೆಯಾದರೆ ಲೋಕ ನಡೆಯುವುದೆಂತು ಎಂದು ಮೊದಲ ನೋಟಕ್ಕೆ ಅನಿಸಬಹುದು. ಆದರೆ ಆ ಪಟ್ಟಿಯನ್ನು ಬಂಧಿಸಿರುವ ಸೂತ್ರವೆಂದರೆ ಅವು ವಧೆಗೆ ಕಾರಣವಾಗುವವೆಂಬುದು. ಪ್ರಕರಣವಾದರೋ ಪ್ರಯೋಜನವಿಲ್ಲದ ದಂಡನೆಯದು. ವಸ್ತುವಿನ ಹೆಸರಿಗಿಂತ, ಯಾರ ಕೈಗೆ, ಯಾವ ಪ್ರಯೋಜನಕ್ಕೆ ಎಂಬುದು ಮುಖ್ಯವೆಂದು ನಾನು ಇದನ್ನು ಅರ್ಥಮಾಡಿಕೊಂಡಿದ್ದೇನೆ. ಶ್ವೇತಾಂಬರ ಪರಂಪರೆಯ ಹೇಮಚಂದ್ರಾಚಾರ್ಯರಾದರೋ ಯೋಗಶಾಸ್ತ್ರದಲ್ಲಿ ಹದಿನೈದು ವರ್ಜ್ಯ ವೃತ್ತಿಗಳನ್ನು ಹೇಳುತ್ತಾ, ಅಂಗಾರಜೀವಿಕೆಯೆಂಬ ಮೊದಲ ಬಗೆಯಲ್ಲಿಯೇ ಕುಂಬಾರ, ಕಮ್ಮಾರ, ಅಕ್ಕಸಾಲಿಗರನ್ನು ಸೇರಿಸಿಬಿಟ್ಟಿದ್ದಾರೆ. ಆ ಅಳತೆಗೋಲಿನಲ್ಲಿ ಡಾರ್ಬಿಯ ಕಡಾಯಿಗೂ ಬಿಡುಗಡೆಯಿಲ್ಲ. ಇನ್ನೊಂದೆಡೆ, ಆದಿಪುರಾಣದಲ್ಲಿ ವೃಷಭದೇವನು ಪ್ರಜೆಗಳಿಗೆ ಕಲಿಸಿದ ಷಟ್ಕರ್ಮಗಳಲ್ಲಿ ಶಿಲ್ಪವೂ ಇದೆ, ಎಲ್ಲಕ್ಕೂ ಮೊದಲು ಅಸಿಯೇ ಇದೆ. ಇವುಗಳಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಮರೆಯುವವನು ತನಗೆ ಬೇಕಾದ ಉತ್ತರವನ್ನು ಮೊದಲೇ ನಿಶ್ಚಯಿಸಿಕೊಂಡಿರುತ್ತಾನೆ.

ಗ್ಯಾಲ್ಟನನ ವಾದದಲ್ಲಿರುವ ದೋಷವು ನನಗೆ ಕಾಣುವುದು ಹೀಗೆ. ಎಲ್ಲರೂ ಅಲ್ಪಸ್ವಲ್ಪ ಹೊಣೆಗಾರರೆಂಬುದು ನಿಜ. ಆದರೆ ಅದರಿಂದ ಯಾರೂ ಹೊಣೆಗಾರರಲ್ಲವೆಂಬ ಸಿದ್ಧಾಂತ ಹೊರಡುವುದಿಲ್ಲ. ಬಾರ್ಲಿಯಿಂದ ಗಂಜಿಯಾಗಬಹುದು, ರೊಟ್ಟಿಯಾಗಬಹುದು, ಮದ್ಯವೂ ಆಗಬಹುದು. ಕಬ್ಬಿಣದ ಗಟ್ಟಿಗೂ ಹಾಗೆಯೇ ಹಲವು ಗತಿಗಳಿವೆ. ಅದನ್ನು ಮಾರಿದವನಿಗೆ ಮುಂದಿನದು ತಿಳಿಯದು, ಅವನ ಸಂಕಲ್ಪದಲ್ಲಿ ವಧೆಯಿಲ್ಲ. ಬಂದೂಕಿಗೆ ಅಂತಹ ಹಲವು ಗತಿಗಳಿಲ್ಲ. ಅದನ್ನು ಗುಲಾಮರ ಹಡಗಿಗೆ ತುಂಬಿಸಿದವನಿಗೆ ಅದರ ಗತಿ ತಿಳಿದೇ ಇತ್ತು. ಕೋಲ್‌ಬ್ರೂಕ್‌ಡೇಲಿನವರು ಗಟ್ಟಿ ಮಾರುವುದನ್ನು ಮುಂದುವರಿಸಿ ಫಿರಂಗಿ ಎರೆಯುವುದನ್ನು ಬಿಟ್ಟಾಗ ಎಳೆದದ್ದು ಈ ಗೆರೆಯನ್ನೇ. ಅದು ಮಸುಕಾದ ಗೆರೆಯೆಂಬುದನ್ನು ಒಪ್ಪುತ್ತೇನೆ. ಅವರ ನೆರೆಯ ಕಾರ್ಖಾನೆದಾರ ಜಾನ್ ವಿಲ್ಕಿನ್‌ಸನ್ 1774ರಲ್ಲಿ ಫಿರಂಗಿಯನ್ನು ಕೊರೆಯಲು ಪೇಟೆಂಟ್ ಪಡೆದನು. ಆ ಕೌಶಲದಿಂದಲೇ ಮರುವರ್ಷ ಜೇಮ್ಸ್ ವಾಟನ ಹಬೆಯಂತ್ರಕ್ಕೆ ನಿಖರವಾದ ಸಿಲಿಂಡರು ದೊರೆಯಿತು. ಫಿರಂಗಿಯ ವಿದ್ಯೆಯಿಂದ ಲೋಕೋಪಕಾರದ ಯಂತ್ರ ಬಂದಿತೆಂದು ಫಿರಂಗಿಯನ್ನು ಸಮರ್ಥಿಸುವವರೂ ಇದ್ದಾರೆ. ಬಂದ ಒಳಿತನ್ನು ಅನುಭವಿಸುವುದು ಬೇರೆ, ಅದರ ನೆಪದಿಂದ ಮಾಡಿದ್ದನ್ನು ಒಪ್ಪುವುದು ಬೇರೆ.

ಈ ವಿಷಯ ನಮ್ಮ ಬಸದಿಗಳ ಟ್ರಸ್ಟುಗಳಿಗೂ ಸಂಬಂಧಿಸಿದ್ದಾಗಿದೆ. ಪಂಚಕಲ್ಯಾಣದ ಸವಾಲಿನಲ್ಲಿ ಅತಿ ಹೆಚ್ಚು ಕೂಗಿದವನ ಉದ್ಯೋಗವನ್ನು ಕೇಳುವ ಪದ್ಧತಿ ನಮ್ಮಲ್ಲಿ ಎಷ್ಟು ಕಡೆ ಇದೆ? ಕೇಳಿದರೆ ದಾನಿಗೆ ನೋವಾದೀತೆಂಬ ದಾಕ್ಷಿಣ್ಯ. ಕ್ವೇಕರರ ಸಭೆ ಊರಿನ ಶ್ರೀಮಂತರಲ್ಲೊಬ್ಬನನ್ನು ಕೇಳಿತು; ಆದರೆ ಅವನ ತಂದೆ ತಾತಂದಿರನ್ನು ಕೇಳದೆ ಬಹುಕಾಲ ಸುಮ್ಮನಿದ್ದು ಆಮೇಲೆ ಕೇಳಿತು. ಗ್ಯಾಲ್ಟನನ ಆಕ್ಷೇಪಗಳಲ್ಲಿ ನನಗೆ ನ್ಯಾಯವೆನಿಸುವುದು ಇದೊಂದೇ. ಮೌನವಾಗಿ ಪಡೆದ ಪ್ರತಿಯೊಂದು ದಾನವೂ ಮುಂದಿನ ಪೀಳಿಗೆಯವನಿಗೆ ಒಂದು ಅನುಮತಿಪತ್ರವಾಗುತ್ತದೆ.

ಮೂರನೆಯ ಅಬ್ರಹಾಂ ಡಾರ್ಬಿಯ (1750–1789) ಹೆಸರು ಲೋಕಪ್ರಸಿದ್ಧವಾದದ್ದು ಸೆವರ್ನ್ ನದಿಯ ಮೇಲಿನ ಕಬ್ಬಿಣದ ಸೇತುವೆಯಿಂದ. ತಂದೆ ತೀರಿಕೊಂಡಾಗ ಅವನು ಹದಿಮೂರರ ಬಾಲಕ. ಅಕ್ಕನ ಗಂಡನಾದ ರಿಚರ್ಡ್ ರೆನಾಲ್ಡ್ಸ್ ಕಾರ್ಖಾನೆಯನ್ನು ನೋಡಿಕೊಂಡು 1768ರಲ್ಲಿ ಅವನಿಗೆ ಒಪ್ಪಿಸಿದನು. ಪರರ ಮಕ್ಕಳ ಆಸ್ತಿಯನ್ನು ಹೀಗೆ ಕಾಯ್ದು ಕೊಟ್ಟ ಈ ರೆನಾಲ್ಡ್ಸ್ ಮುಂದೆ ತನ್ನ ಸಂಪತ್ತಿನ ಬಹುಭಾಗವನ್ನು ದಾನದಲ್ಲಿ ಕಳೆದನೆಂಬುದನ್ನೂ ಹೇಳಬೇಕು. ಸೇತುವೆಯ ವಿನ್ಯಾಸ ವಾಸ್ತುಶಿಲ್ಪಿ ಥಾಮಸ್ ಪ್ರಿಚರ್ಡನದು; ಅವನು 1777ರಲ್ಲಿಯೇ ನಿಧನ ಹೊಂದಿದನು. 1779ರ ಬೇಸಗೆಯಲ್ಲಿ ಸುಮಾರು 30 ಮೀಟರು ಅಗಲದ ಕಮಾನು ನದಿಯ ಮೇಲೆ ನಿಂತಿತು. 1781ರ ಹೊಸವರ್ಷದ ದಿನ ಸಂಚಾರ ಆರಂಭವಾಯಿತು. ಅದಕ್ಕೆ ಹಿಡಿದ ಕಬ್ಬಿಣ 378 ಟನ್ನು. ಅಂದಾಜಿಗಿಂತ ಖರ್ಚು ಬಹಳ ಮೀರಿತು. ಮೀರಿದ್ದನ್ನು ತಾನೇ ಭರಿಸುವೆನೆಂದು ಡಾರ್ಬಿ ಮಾತು ಕೊಟ್ಟಿದ್ದನು. ಕೊಟ್ಟ ಮಾತಿನಂತೆ ನಡೆದು, ಉಳಿದ ಆಯುಷ್ಯವನ್ನು ಸಾಲದಲ್ಲಿಯೇ ಕಳೆದು, ತಾತನಂತೆ ನಲವತ್ತು ತುಂಬುವ ಮುನ್ನವೇ ತೀರಿಕೊಂಡನು. ಸೇತುವೆಯ ಸುಂಕದ ಕಟ್ಟೆಯಲ್ಲಿ ಇಂದಿಗೂ ಒಂದು ಫಲಕವಿದೆ. ದಾಟುವವರೆಲ್ಲರೂ ಸುಂಕ ತೆರಬೇಕು. ಕರ್ತವ್ಯದ ಮೇಲಿರುವ ಸೈನಿಕನಿಗೂ ರಾಜಮನೆತನದವರಿಗೂ ವಿನಾಯಿತಿಯಿಲ್ಲವೆಂಬುದು ಅದರ ಒಕ್ಕಣೆ.

ಇದೇ ಪೀಳಿಗೆಯ ಸೊಸೆ ಡೆಬೊರಾ ಡಾರ್ಬಿ ಅತ್ತೆಯ ಹಾದಿಯಲ್ಲಿಯೇ ಬೋಧಕಿಯಾಗಿ ಅಮೆರಿಕದವರೆಗೂ ಸಂಚರಿಸಿದಳು. 1798ರಲ್ಲಿ ಎಲಿಜಬೆತ್ ಗರ್ನಿ ಎಂಬ ತರುಣಿಗೆ ಈಕೆ ಹೇಳಿದ ಮಾತು ಆ ತರುಣಿಯ ಬಾಳನ್ನೇ ತಿರುಗಿಸಿತು. ಸೆರೆಮನೆಗಳ ಸುಧಾರಣೆಗಾಗಿ ದುಡಿದ ಎಲಿಜಬೆತ್ ಫ್ರೈ ಈಕೆಯೇ. ಮನೆತನದ ಧರ್ಮವನ್ನು ಹಿಡಿದಿಟ್ಟವರು ಗಂಡಸರಿಗಿಂತ ಹೆಚ್ಚಾಗಿ ಹೊರಗಿನಿಂದ ಬಂದ ಈ ಸೊಸೆಯಂದಿರೆಂದು ನನಗೆ ತೋರುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಕಂಪನಿ ಅಲಂಕಾರದ ಎರಕಕ್ಕೆ ಹೆಸರಾಯಿತು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಅದರ ದೊಡ್ಡ ದ್ವಾರಗಳನ್ನು ಜನ ನಿಂತು ನೋಡಿದರು. ಸಂಪತ್ತು ಬಂದಂತೆ ಸರಳ ಉಡುಗೆ ಹೋಯಿತು. ನಾಲ್ಕನೆಯ ಅಬ್ರಹಾಂ ಡಾರ್ಬಿಯು (1804–1878) ಕ್ವೇಕರ ಪಂಥವನ್ನು ಬಿಟ್ಟು ರಾಜಮಾನ್ಯವಾದ ಆಂಗ್ಲಿಕನ್ ಧರ್ಮಸಂಸ್ಥೆಯನ್ನು ಸೇರಿ, ಅದೇ ಕಣಿವೆಯ ಮೇಲೆ ಒಂದು ಭವ್ಯ ಚರ್ಚನ್ನು ಕಟ್ಟಿಸಿದನು. ಪೂರ್ವಜರು ಆ ಸಂಸ್ಥೆಗೆ ದಶಮಾಂಶ ಕೊಡುವುದನ್ನೇ ಧರ್ಮವಿರುದ್ಧವೆಂದು ಎಣಿಸಿದ್ದರು. ಬಲವಂತದಿಂದಾಗಲಿ ಹಿಂಸೆಯಿಂದಾಗಲಿ ಕದಲದ ಪಂಥನಿಷ್ಠೆ ಸಮೃದ್ಧಿಯಲ್ಲಿ ತಾನಾಗಿ ಕರಗಿತೆಂದು ಕೆಲವರು ಬರೆದಿದ್ದಾರೆ. ಅವನ ಮನಸ್ಸಿನಲ್ಲಿ ಏನಿತ್ತೋ. ಹೊರಗಿನವರು ಇಷ್ಟು ನಿಷ್ಠುರವಾಗಿ ತೀರ್ಪು ಕೊಡುವುದು ಸಲ್ಲದು.

ಕುಟುಂಬದ ಕೈಬಿಟ್ಟ ಬಳಿಕವೂ ಕೋಲ್‌ಬ್ರೂಕ್‌ಡೇಲಿನಲ್ಲಿ ಎರಕದ ಕೆಲಸ ಒಡೆತನಗಳನ್ನು ಬದಲಿಸುತ್ತ ಮುಂದುವರಿಯಿತು. ಅಲ್ಲಿನ ಕೊನೆಯ ಫೌಂಡ್ರಿ ಮುಚ್ಚಿದ್ದು 2017ರಲ್ಲಿ. ಅಲ್ಲಿ ಎರೆಯುತ್ತಿದ್ದುದು ಅಡುಗೆ ಒಲೆಯ ಭಾಗಗಳನ್ನು.